ಕೊಳಕೂರಿನ ಒಂದೂವರೆ ಮೊಳದ ಗೋಡೆ

ಕಲಬುರಗಿ ಜಿಲ್ಲೆಗೆ ಇರುವುದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ನೌಕರರು ತಮಾಷೆ ಮಾಡುವುದುಂಟು. ಮಳೆ, ಚಳಿ ಎರಡನ್ನೂ ಕಂಡಿರುವ ಇಲ್ಲಿಯವರಿಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಏಪ್ರಿಲ್ ಬಂತೆಂದರೆ ಸರಕಾರಿ ಕಚೇರಿಗಳ ವೇಳೆಯೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುವ ಸೀಮೆ ಇದು. ಉಷ್ಣತೆ ನಲವತ್ತು ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದೂವರೆಗೆ ಕಚೇರಿ ಬಿಟ್ಟವನು, ಹನ್ನೊಂದಕ್ಕೇ ಹೊಲ ಬಿಟ್ಟವನು ಹೋಗುವುದಾದರೂ ಎಲ್ಲಿಗೆ? ಮನೆಗೆ. ಆ ಮನೆಯ ಗೋಡೆ ಯಾವುದರದ್ದು, ಮಾಡು ಯಾವುದರದ್ದು ಎಂಬುದರ ಮೇಲೆ ಅವನ ಉಳಿದ ಹಗಲು, ಇಡೀ ರಾತ್ರಿ ನಿಂತಿದೆ.

ಕಲಬುರಗಿಯಿಂದ ವಿಜಯಪುರದ ಹೆದ್ದಾರಿ ಹಿಡಿದು ಹೊರಟರೆ ಫರಹತಾಬಾದ್ ದಾಟಿದ ಮೇಲೆ ಕಟ್ಟಿಸಂಗಾವಿಯ ಹತ್ತಿರ ಭೀಮಾ ನದಿಯ ಸೇತುವೆ ಸಿಗುತ್ತದೆ. ಮುಂದೆ ಜೇವರ್ಗಿ. ಕೊಳಕೂರ ಈ ಜೇವರ್ಗಿ ತಾಲ್ಲೂಕಿನ ಊರು. ತೊಗರಿ ಕೊಯ್ದು, ಹತ್ತಿ ಬಿಡಿಸಿ ಬರಿದಾದ ಎರೆಹೊಲಗಳು ಮೇ ತಿಂಗಳ ಬಿಸಿಲಿಗೆ ಬಾಯಿಬಿಟ್ಟುಕೊಂಡಿದ್ದವು. ಒಂದೊಂದು ಬಿರುಕಿನೊಳಗೆ ಕೈಯೇ ಹೋದೀತು. ಬಸ್ಸಿನ ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ.

ಈ ಊರು ಇರುವುದು ಉತ್ತರ ಅಕ್ಷಾಂಶ 17 ಡಿಗ್ರಿಯ ಆಸುಪಾಸಿನಲ್ಲಿ. ಮೇ ಎರಡನೇ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೇ ಬರುತ್ತಾನೆ. ಅಂಗಳದಲ್ಲಿ ಕೋಲು ನೆಟ್ಟರೆ ಅದರ ನೆರಳು ಬುಡದಲ್ಲೇ ಅಡಗಿ ಕೂರುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಇದೇ ಸಂಗತಿ ಮತ್ತೊಮ್ಮೆ ನಡೆಯುತ್ತದೆಯಾದರೂ ಆಗ ಮೋಡದ ಮರೆಯಿರುತ್ತದೆ. ಶಾಲೆಯಲ್ಲಿ ಭೂಗೋಲ ಹೇಳಿಕೊಡುವಾಗ ಸುಲಭವಾಗಿ ಹೇಳಿಬಿಡುವ ಈ ಮಾತಿಗೆ ಮನೆಯ ಮಟ್ಟಿಗೆ ಒಂದು ದೊಡ್ಡ ಅರ್ಥವಿದೆ. ಮೇ ತಿಂಗಳ ನಡುಹಗಲಿನಲ್ಲಿ ಬಿಸಿಲಿನ ಪೂರ್ತಿ ಹೊಡೆತ ಬೀಳುವುದು ಗೋಡೆಯ ಮೇಲಲ್ಲ, ಮಾಡಿನ ಮೇಲೆ. ಗೋಡೆಗಳಲ್ಲಿ ಬೇಯುವುವು ಬೆಳಿಗ್ಗೆ ಮೂಡಲ ಗೋಡೆ, ಸಂಜೆ ಪಡುವಲ ಗೋಡೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಒಂದೇ ಓಣಿ, ಮೂರು ಕಾಲ

ನಾನು ಹೋದ ಓಣಿಯಲ್ಲಿ ಮೂರು ಕಾಲದ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಮೊದಲನೆಯದು ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆ. ಎರಡನೆಯದು ಪತ್ರಾಸ ಹೊದಿಸಿದ ಮನೆ. ಊರ ಹೊರಗಿನವರು ತಗಡು ಎನ್ನುವುದನ್ನೇ ಈ ಕಡೆ ಪತ್ರಾಸ ಎನ್ನುತ್ತಾರೆ. ಮೂರನೆಯದು ಸಿಮೆಂಟ್ ಬ್ಲಾಕಿನ ಗೋಡೆ, ಕಾಂಕ್ರೀಟ್ ಸ್ಲ್ಯಾಬಿನ ಹೊಸ ಮನೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಈ ಮೂರರೊಳಗೂ ಐದೈದು ನಿಮಿಷ ಕುಳಿತು ಬಂದರೆ ಉಷ್ಣಮಾಪಕದ ಹಂಗಿಲ್ಲದೆಯೇ ವ್ಯತ್ಯಾಸ ಗೊತ್ತಾಗುತ್ತದೆ. ಪತ್ರಾಸಿನ ಕೆಳಗೆ ಸುಡುವುದು ಗಾಳಿಯಲ್ಲ, ನೆತ್ತಿ. ಸ್ಲ್ಯಾಬಿನ ಮನೆ ಆ ಹೊತ್ತಿಗೆ ಪರವಾಗಿಲ್ಲ ಎನ್ನಿಸುತ್ತದೆ. ಹಳೆಯ ಮನೆಯ ಪಡಸಾಲೆಗೆ ಕಾಲಿಟ್ಟರೆ ಮಾತ್ರ ಯಾರೋ ಹಿಂದಿನಿಂದ ಬಾಗಿಲು ಹಾಕಿ ಬಿಸಿಲನ್ನು ಹೊರಗೇ ನಿಲ್ಲಿಸಿದಂತಾಗುತ್ತದೆ.

ಆ ಹಳೆಯ ಮನೆಯ ಯಜಮಾನರಿಗೆ ಎಂಬತ್ತರ ಮೇಲೆ ವಯಸ್ಸು. ಓಣಿಗೆಲ್ಲ ಮುತ್ಯಾ. ಅವರ ಮೊಮ್ಮಗ ನನ್ನ ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ಕಚೇರಿಗಳಿಗೆ ಜಿಪ್ಸಮ್ ಬೋರ್ಡಿನ ಗೋಡೆ, ಫಾಲ್ಸ್ ಸೀಲಿಂಗ್ ಕೂರಿಸುವ ಕೆಲಸ ಮಾಡುತ್ತಾನೆ. ಹೆಂಡತಿ, ಇಬ್ಬರು ಸಣ್ಣ ಮಕ್ಕಳು ಊರಲ್ಲೇ ಇದ್ದಾರೆ. ಹಳೆಯ ಮನೆ ಕೆಡವಿ ಹೊಸದು ಕಟ್ಟಬೇಕೆಂಬುದು ಅವನ ಆಸೆ. ಈ ಜಗಳದಲ್ಲಿ ನ್ಯಾಯ ಹೇಳಲೆಂದೇ ನನಗೆ ಕರೆ ಬಂದಿತ್ತು.

‘ಈ ಗ್ವಾಡಿ ನಮ್ಮಪ್ಪ ಕಟ್ಟಿಸಿದ್ದು ಮಾಸ್ತರ. ನಾ ಇರೂತನಕ ಇದಕ್ಕ ಹಾರಿ ಹಚ್ಚೂದು ಬ್ಯಾಡ. ಬ್ಯಾಸಗ್ಯಾಗ ಇದರಂಥ ತಂಪು ಎಲ್ಲಿ ಸಿಗತದ?’ ಎಂದರು ಮುತ್ಯಾ.

‘ಮುತ್ಯಾ ಹೇಳೂದು ಖರೆ ಅದರಿ ಸರ್. ಆದ್ರ ಮಳಿಗಾಲದಾಗ ರಾತ್ರಿ ಈ ಮಾಳಗಿ ಕೆಳಗ ಮಕ್ಕಳನ್ನ ಮಲಗಸ್ಲಾಕ ನನಗ ಧೈರ್ಯ ಆಗಲ್ರಿ’ ಎಂದ ಮೊಮ್ಮಗ.

ಹಿಂದಿನ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, ಅಂದರೆ ಹುಡುಗನ ತಾಯಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಒಂದೇ ಮಾತು ಸೇರಿಸಿದರು: ‘ನೀವು ಗಂಡಸರು ಪಡಸಾಲ್ಯಾಗ ಕುಂತು ತಂಪಿನ ಮಾತಾಡ್ತೀರಿ ಅಣ್ಣಾರ. ಪತ್ರಾಸ ಕೆಳಗ ಒಲಿ ಮುಂದ ರೊಟ್ಟಿ ಬಡಿಯಾಕಿ ನಾ ಇದ್ದೀನಿ.’

ಮನೆಯ ಹಿಂಭಾಗ ಹಿಂದೊಮ್ಮೆ ಮಳೆಗೆ ಬಿದ್ದಾಗ ಅಲ್ಲಿ ಪತ್ರಾಸ ಹಾಕಿ ಅಡಿಗೆ ಮನೆ ಮಾಡಿದ್ದರು. ಮೂವರ ಮಾತೂ ನಿಜವೇ. ಮೂರನ್ನೂ ಒಂದೇ ಲೆಕ್ಕದಲ್ಲಿ ಕೂರಿಸುವುದು ಹೇಗೆ ಎಂಬುದೇ ಪ್ರಶ್ನೆ.

ತಡೆ ಬೇರೆ, ತಡ ಬೇರೆ

ಗೋಡೆ ಬಿಸಿಲಿಗೆ ಮಾಡುವ ಕೆಲಸ ಎರಡು ಬಗೆಯದು. ಒಂದು, ಶಾಖವನ್ನು ತಡೆಯುವುದು. ಇನ್ನೊಂದು, ಶಾಖವನ್ನು ತಡಮಾಡುವುದು. ನಮ್ಮ ಭಾಷೆಯಲ್ಲಿ ಒಂದಕ್ಷರದ ವ್ಯತ್ಯಾಸವಿರುವ ಈ ಎರಡು ಗುಣಗಳನ್ನು ಬೆರೆಸಿ ನೋಡುವುದರಿಂದಲೇ ಮನೆ ಕಟ್ಟುವಾಗ ಗೊಂದಲವಾಗುವುದು.

ಮೊದಲು ತಡೆ. ಒಂದು ಮೀಟರ್ ದಪ್ಪ, ಒಂದು ಚದರ ಮೀಟರ್ ಅಗಲದ ವಸ್ತುವಿನ ಎರಡು ಮುಖಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಅದರಲ್ಲಿ ಎಷ್ಟು ವ್ಯಾಟ್ ಶಾಖ ಹರಿಯುತ್ತದೆ ಎಂಬುದನ್ನು ಉಷ್ಣವಾಹಕತೆ ಎನ್ನುತ್ತಾರೆ. ಉಕ್ಕಿಗೆ ಇದು ಸುಮಾರು 50. ಗಟ್ಟಿ ಕಾಂಕ್ರೀಟಿಗೆ ಒಂದೂವರೆಯ ಸುಮಾರು. ನಮ್ಮ ಶಹಾಬಾದ್ ಫರಸಿಯಂಥ ಸುಣ್ಣದಕಲ್ಲೂ ಹೆಚ್ಚುಕಡಿಮೆ ಇದೇ ಸಾಲಿನದು. ಸುಟ್ಟ ಇಟ್ಟಂಗಿಗೆ 0.7ರಿಂದ 0.8, ಒಣಗಿದ ಮಣ್ಣಿನ ಗೋಡೆಗೆ 0.5ರಿಂದ 0.8, ಮರಕ್ಕೆ 0.15, ಜಿಪ್ಸಮ್ ಬೋರ್ಡಿಗೆ 0.16. ಎಲ್ಲಕ್ಕಿಂತ ಕಡಿಮೆ ಅಲುಗಾಡದೆ ನಿಂತ ಗಾಳಿಗೆ, ಕೇವಲ 0.025. ಕಂಬಳಿ, ಥರ್ಮೊಕೋಲ್, ಜೋಳದ ಕಣಿಕೆಯ ಬಣವೆ, ಹಕ್ಕಿಯ ಪುಕ್ಕ ಇವೆಲ್ಲ ಶಾಖವನ್ನು ತಡೆಯುವುದು ತಮ್ಮೊಳಗೆ ಸಿಕ್ಕಿಸಿಕೊಂಡ ಗಾಳಿಯಿಂದಲೇ.

ಇನ್ನು ತಡ. ಹಗಲು ಏರಿ ರಾತ್ರಿ ಇಳಿಯುವ ಬಿಸಿ ಗೋಡೆಯೊಳಗೆ ಅಲೆಯಂತೆ ಸಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೆಕ್ಕದ ದಾರಿಯಿದೆ. ಅಲೆ ಒಳಗೆ ಹೋದಂತೆ ಎರಡು ಸಂಗತಿ ನಡೆಯುತ್ತವೆ: ಅದು ಕುಗ್ಗುತ್ತದೆ ಮತ್ತು ಹಿಂದೆ ಬೀಳುತ್ತದೆ. ಕಲ್ಲು ಮಣ್ಣಿನ ಗೋಡೆಯಲ್ಲಿ ಸುಮಾರು 15 ಸೆಂಟಿಮೀಟರ್ ಹೋಗುವಷ್ಟರಲ್ಲಿ ದಿನದ ಅಲೆ ಮೂರನೇ ಒಂದು ಪಾಲಿನ ಸುಮಾರಿಗೆ ಇಳಿಯುತ್ತದೆ. 30ಕ್ಕೆ ಏಳನೇ ಒಂದು ಪಾಲು. 60ಕ್ಕೆ ನೂರರಲ್ಲಿ ಎರಡು ಪಾಲು. ಮುತ್ಯಾನ ಗೋಡೆ ಒಂದೂವರೆ ಮೊಳ, ಅಂದರೆ ಎರಡು ಫೂಟಿಗೂ ಮಿಕ್ಕಿ. ಹೊರಮುಖ ದಿನಕ್ಕೆ 30 ಡಿಗ್ರಿ ಏರಿಳಿದರೂ ಒಳಮುಖ ಒಂದು ಡಿಗ್ರಿಯಷ್ಟೂ ಅಲುಗುವುದಿಲ್ಲ. ಆ ಅಲ್ಪ ಅಲುಗಾಟವಾದರೂ ಒಳಗೆ ತಲುಪುವುದು 13ರಿಂದ 15 ಗಂಟೆ ತಡವಾಗಿ. ಮಧ್ಯಾಹ್ನ ಎರಡರ ಬಿಸಿಲು ಬೆಳಗಿನ ಜಾವ ನಾಲ್ಕಕ್ಕೆ ಒಳಗೆ ಬರುತ್ತದೆ. ಅಷ್ಟೊತ್ತಿಗೆ ಹೊರಗೆ ತಂಗಾಳಿ ಎದ್ದಿರುತ್ತದೆ.

ಇದಕ್ಕೆ ಹೋಲಿಸಿದರೆ ನಾಲ್ಕು ಅಂಗುಲದ ಕಾಂಕ್ರೀಟ್ ಸ್ಲ್ಯಾಬಿನ ತಡ ಎರಡೂವರೆಯಿಂದ ಮೂರು ಗಂಟೆ. ಆರು ಅಂಗುಲದ ಸಿಮೆಂಟ್ ಬ್ಲಾಕಿನ ಗೋಡೆಯದು ನಾಲ್ಕು ಗಂಟೆಯ ಸುಮಾರು. ಪತ್ರಾಸಿನ ತಡ ಸೊನ್ನೆ. ಮಧ್ಯಾಹ್ನ ಎರಡಕ್ಕೆ ಪರವಾಗಿಲ್ಲ ಎನ್ನಿಸಿದ ಸ್ಲ್ಯಾಬಿನ ಮನೆಗೆ ಸಂಜೆ ಏಳಕ್ಕೆ ಮತ್ತೆ ಹೋಗಿ ಪಡುವಲ ಗೋಡೆಯ ಒಳಮುಖಕ್ಕೆ ಅಂಗೈ ಇಟ್ಟೆ. ಜ್ವರ ಬಂದವರ ಹಣೆ ಮುಟ್ಟಿದಂತಿತ್ತು. ಹೊಲದಿಂದ ಬಂದವರು ಉಂಡು ಮಲಗುವ ಹೊತ್ತಿಗೆ ಸರಿಯಾಗಿ ಆ ಮನೆಗೆ ಮಧ್ಯಾಹ್ನವಾಗುತ್ತದೆ! ಅದೇ ಹೊತ್ತಿಗೆ ಪತ್ರಾಸಿನ ಮನೆ ಆರಿ ತಣ್ಣಗಾಗಿರುತ್ತದೆ ಎಂಬುದನ್ನೂ ಹೇಳಬೇಕು. ತಡವಿಲ್ಲದ ವಸ್ತುವಿಗೆ ಬಿಸಿಯೂ ಬೇಗ, ತಂಪೂ ಬೇಗ.

ತಡ ಎಂಬುದು ಎಲ್ಲ ಊರಿಗೂ ಒಂದೇ ಸಮನಾಗಿ ಒದಗುವ ಗುಣವಲ್ಲ. ಮಂಗಳೂರಿನಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ಕಡಿಮೆ. ಅಲ್ಲಿ ದಪ್ಪ ಗೋಡೆಗಿಂತ ಗಾಳಿ, ನೆರಳು ಮುಖ್ಯ. ನಮ್ಮಲ್ಲಿ ಬೇಸಿಗೆಯ ಹಗಲು ರಾತ್ರಿಗಳ ಅಂತರ ಹದಿಮೂರು ಹದಿನಾಲ್ಕು ಡಿಗ್ರಿಗೆ ಹೋಗುತ್ತದೆ. ಹಾಗಾಗಿ ಹಗಲನ್ನು ರಾತ್ರಿಯವರೆಗೆ ಹೊರಗೇ ನಿಲ್ಲಿಸಿಕೊಂಡ ಗೋಡೆ ಇಲ್ಲಿ ಗೆಲ್ಲುತ್ತದೆ. ಈ ವಿದ್ಯೆ ನಮ್ಮ ಹಿರಿಯರಿಗೆ ಗೋಡೆಯಲ್ಲಷ್ಟೇ ಅಲ್ಲ, ನೆಲದೊಳಗೂ ಗೊತ್ತಿತ್ತು. ಜೋಳ ತುಂಬಿಡುತ್ತಿದ್ದ ಹಗೇವು ಅದಕ್ಕೆ ಸಾಕ್ಷಿ. ಮೂರು ಮೀಟರ್ ಆಳದಲ್ಲಿ ದಿನದ ಅಲೆ ಸುಳಿಯುವುದೇ ಇಲ್ಲ. ವರ್ಷದ ಅಲೆಯೂ ಕಾಲು ಭಾಗಕ್ಕೆ ಇಳಿದು, ಮೇ ತಿಂಗಳ ಧಗೆ ಎರಡೂವರೆ ತಿಂಗಳು ತಡವಾಗಿ ಅಲ್ಲಿ ತಲುಪುತ್ತದೆ. ಕಾಳಿನ ಉಸಿರಿನಿಂದಲೇ ಒಳಗಿನ ಆಮ್ಲಜನಕ ಖರ್ಚಾಗಿ ಹುಳು ಬದುಕುವುದಿಲ್ಲ. ಹಗೇವುಗಳು ಈಗ ಬಹುಮಟ್ಟಿಗೆ ಮುಚ್ಚಿಹೋಗಿವೆ. ಆದರೆ ಅದರ ತತ್ತ್ವವೇ ಒಂದೂವರೆ ಮೊಳದ ಗೋಡೆಯಾಗಿ ನೆಲದ ಮೇಲೆ ನಿಂತಿದೆ.

ಬೆಂಗಳೂರಿನಿಂದ ಬಂದ ಬಿಳಿ ಹಲಗೆ

ಮೊಮ್ಮಗ ಒಳಗಿನಿಂದ ಒಂದು ಜಿಪ್ಸಮ್ ಬೋರ್ಡಿನ ತುಂಡು ತಂದು ಮುಂದಿಟ್ಟ. ಎರಡು ಕಡೆ ದಪ್ಪ ಕಾಗದ, ನಡುವೆ ಬಿಳಿಯ ಜಿಪ್ಸಮ್, ಅರ್ಧ ಅಂಗುಲ ದಪ್ಪ. ಬೆಂಗಳೂರಿನ ಗಾಜಿನ ಕಟ್ಟಡಗಳ ಒಳಗೋಡೆಗಳೆಲ್ಲ ಹೆಚ್ಚಾಗಿ ಇದರದ್ದೇ. ‘ಸರ್, ಹೊಸ ಮನಿಗಿ ಒಳಗಿನ ಗ್ವಾಡಿ ಎಲ್ಲಾ ಇದರದ್ದೇ ಮಾಡಿದ್ರ ಹ್ಯಾಂಗ?’ ಎಂದು ಕೇಳಿದ.

ಈ ಹಲಗೆಯ ಕತೆ ಸ್ವಾರಸ್ಯದ್ದು. ಅಮೆರಿಕದ ಆಗಸ್ಟಿನ್ ಸ್ಯಾಕೆಟ್ ಎಂಬಾತ ಕಾಗದದ ಪದರಗಳ ನಡುವೆ ಜಿಪ್ಸಮ್ ಗಾರೆ ಹಾಕಿದ ಹಲಗೆಗೆ 1894ರಲ್ಲಿ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಲಕ್ಷಗಟ್ಟಲೆ ಮನೆಗಳನ್ನು ಅವಸರದಲ್ಲಿ ಕಟ್ಟಬೇಕಾದಾಗ ಇದರ ಅದೃಷ್ಟ ಖುಲಾಯಿಸಿತು. ಹಸಿ ಗಿಲಾವು ಮಾಡಿ ಒಣಗಲು ವಾರಗಟ್ಟಲೆ ಕಾಯುವ ಬದಲು ಒಣ ಹಲಗೆಯನ್ನು ಮೊಳೆ ಹೊಡೆದು ಕೂರಿಸಿದರೆ ಮುಗಿಯಿತು. ಅದಕ್ಕೇ ಅದಕ್ಕೆ ಡ್ರೈವಾಲ್, ಅಂದರೆ ಒಣಗೋಡೆ ಎಂಬ ಹೆಸರು. ಜಿಪ್ಸಮ್ ನಮಗೂ ಅಪರಿಚಿತವಲ್ಲ. ವಾಡಿ, ಸೇಡಂ ಕಡೆಯ ಕಾರ್ಖಾನೆಗಳಿಂದ ಬರುವ ಸಿಮೆಂಟಿನಲ್ಲಿ, ಅದು ಕಲಸಿದ ಕೂಡಲೇ ಗಟ್ಟಿಯಾಗದಿರಲೆಂದು, ನೂರಕ್ಕೆ ಮೂರರಿಂದ ಐದು ಪಾಲು ಜಿಪ್ಸಮ್ ಬೆರೆಸಿರುತ್ತಾರೆ. ಅದರ ಹರಳಿನ ತೂಕದಲ್ಲಿ ಐದನೇ ಒಂದು ಪಾಲಿಗೂ ತುಸು ಹೆಚ್ಚು ನೀರೇ ಇದೆ. ಬೆಂಕಿ ಬಿದ್ದರೆ ಮೊದಲು ಆ ನೀರು ಆವಿಯಾಗಿ ಹೋಗಬೇಕು. ಅಲ್ಲಿಯತನಕ ಹಿಂಬದಿ ಬಿಸಿಯೇರುವುದಿಲ್ಲ. ಬೆಂಕಿಗೆ ಇದು ಒಡ್ಡುವ ತಡೆಯ ಗುಟ್ಟು ಇದು.

ಬಿಸಿಲಿಗೆ? ಲೆಕ್ಕ ಹಾಕಿ ತೋರಿಸಿದೆ. ಅರ್ಧ ಅಂಗುಲದ ಈ ಹಲಗೆಯ ತಡೆ ನಾಲ್ಕು ಅಂಗುಲದ ಕಾಂಕ್ರೀಟ್ ಸ್ಲ್ಯಾಬಿಗೆ ಸರಿಸಮ. ಹುಡುಗನ ಮುಖ ಅರಳಿತು. ಆದರೆ ಸ್ಲ್ಯಾಬಿನ ತಡೆಯೇ ಅತ್ಯಲ್ಪ. ಮುತ್ಯಾನ ಗೋಡೆಯ ತಡೆಯನ್ನು ಮುಟ್ಟಬೇಕಾದರೆ ಇಂಥ ಹಲಗೆಗಳನ್ನು ಐದಾರು ಅಂಗುಲ ಎತ್ತರಕ್ಕೆ ಪೇರಿಸಬೇಕು. ತಡವಂತೂ ಒಂದು ಹಲಗೆಗೆ ಅರ್ಧ ಗಂಟೆಯೂ ಇಲ್ಲ. ಹಾಗಿದ್ದರೆ ಹಿಮ ಬೀಳುವ ಷಿಕಾಗೋದಲ್ಲಿ ನಮ್ಮ ಕನ್ನಡದ ಕುಟುಂಬಗಳು ಇದೇ ಹಲಗೆಯ ಗೋಡೆಗಳ ನಡುವೆ ಬೆಚ್ಚಗಿರುವುದು ಹೇಗೆ? ಅಲ್ಲಿ ಹಲಗೆ ಬರಿಯ ಮುಖ. ಕೆಲಸ ಮಾಡುವುದು ಒಳಗೋಡೆಗೂ ಹೊರಗೋಡೆಗೂ ನಡುವೆ ತುಂಬಿದ ಗ್ಲಾಸ್‌ವೂಲ್ ಎಂಬ ಗಾಜಿನೆಳೆಯ ಹತ್ತಿ. ಎರಡು ಅಂಗುಲದ ಆ ಹತ್ತಿ ಶಾಖ ತಡೆಯುವುದರಲ್ಲಿ ಎರಡು ಫೂಟಿನ ಮಣ್ಣಿನ ಗೋಡೆಯನ್ನು ಮೀರಿಸುತ್ತದೆ. ಜೊತೆಗೆ ಮನೆಯೊಳಗೆ ಹಗಲೂ ರಾತ್ರಿ ಬಿಸಿಗಾಳಿಯ ಯಂತ್ರ ನಡೆಯುತ್ತಿರುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ಆ ಜಾಗದಲ್ಲಿ ಎ.ಸಿ. ಇದೆ. ಕರೆಂಟು ಹೋದರೆ ಕೂಲರೂ ನಿಲ್ಲುವ ಹಳ್ಳಿಯಲ್ಲಿ ಈ ಹಲಗೆಯನ್ನು ಗೋಡೆ ಎಂದು ನೆಚ್ಚುವಂತಿಲ್ಲ. ಗೆದ್ದಲಿಗೆ ಅದರ ಕಾಗದ ತಿಂಡಿ. ನೀರು ಬಿದ್ದರೆ ಅದು ಮೆತ್ತಗಾಗಿ ಉದುರುತ್ತದೆ.

‘ಹಂಗಾರ ನನ್ನ ಗ್ವಾಡೀನೇ ಗೆದ್ದಿತು’ ಎಂದು ಮುತ್ಯಾ ಮೀಸೆಯಲ್ಲಿ ನಕ್ಕರು. ಮಾತು ಅಲ್ಲಿಗೆ ಮುಗಿದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಮೊಮ್ಮಗನ ಭಯಕ್ಕೆ ಉತ್ತರ ಇನ್ನೂ ಬಾಕಿಯಿತ್ತು.

ಕಿಲ್ಲಾರಿಯ ನಸುಕು

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ನಾನಾಗ ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಹುಡುಗ. ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಮಂಚ ಅಲುಗಿ ಎಚ್ಚರವಾಯಿತು. ಬೆಳಕು ಹರಿದ ಮೇಲೆ ಸುದ್ದಿ ಬಂತು. ಆಳಂದ ಸೀಮೆಯಿಂದ ಬಹಳ ದೂರವಿಲ್ಲದ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಊರುಗಳು ನೆಲಸಮವಾಗಿದ್ದವು. ಗಣಪತಿ ವಿಸರ್ಜನೆ ಮುಗಿಸಿ ಬಂದು ಮಲಗಿದ್ದ ಜನ ಮಲಗಿದಲ್ಲೇ ಮಣ್ಣಾದರು. ಸತ್ತವರು ಎಂಟರಿಂದ ಹತ್ತು ಸಾವಿರ.

ಭೂಕಂಪದ ಪ್ರಮಾಣ 6ಕ್ಕಿಂತ ತುಸು ಹೆಚ್ಚು. ಜಗತ್ತಿನಲ್ಲಿ ವರ್ಷಕ್ಕೆ ಇಂಥವು ಹಲವಾರು ಆಗುತ್ತವೆ. ಇಷ್ಟು ಸಾವಾಗುವುದು ಅಪರೂಪ. ಅಲ್ಲಿ ಜೀವ ತೆಗೆದದ್ದು ನಮ್ಮ ಕಡೆಯಂಥದ್ದೇ ಮನೆಗಳು. ದಪ್ಪ ಗೋಡೆ ಎಂದರೆ ಬಹಳ ಕಡೆ ಅದು ಒಂದು ಗೋಡೆಯಲ್ಲ. ಒಳಮುಖಕ್ಕೊಂದು, ಹೊರಮುಖಕ್ಕೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲುಗಳಿಲ್ಲದಿದ್ದರೆ ನೆಲ ಅಲುಗಿದಾಗ ಎರಡು ಸಾಲೂ ಬಿಚ್ಚಿಕೊಂಡು ಹೊಟ್ಟೆಯೊಡೆಯುತ್ತವೆ. ಆಗ ಮೇಲಿನ ಮಾಳಿಗೆಗೆ ಆಧಾರವೇ ಇಲ್ಲ.

ಮಾಳಿಗೆಯ ತೂಕವನ್ನು ನಾವು ಲೆಕ್ಕ ಹಾಕುವುದೇ ಇಲ್ಲ. ತೊಲೆ, ಜಂತಿ; ಅದರ ಮೇಲೆ ತೊಗರಿ ಕಟ್ಟಿಗೆ; ಹುಳು ಬಾರದಿರಲೆಂದು ಬೇವಿನ ಸೊಪ್ಪು; ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮತ್ತೊಂದು ಪದರ ಸವುಳು ಮಣ್ಣು. ಸವುಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಇಳಿಯುವುದಿಲ್ಲ. ಜಾಣತನದ ಪದ್ಧತಿಯೇ ಸರಿ. ಆದರೆ ವರ್ಷವರ್ಷವೂ ಹಾಕುತ್ತಾ ಹೋದ ಮಣ್ಣನ್ನು ತೆಗೆಯುವವರಿಲ್ಲ. ಒಂದೂವರೆ ಫೂಟು ದಪ್ಪದ ಮಣ್ಣೆಂದರೆ ಚದರ ಮೀಟರಿಗೆ ಮುಕ್ಕಾಲು ಟನ್. ಹತ್ತಕ್ಕೆ ಹನ್ನೆರಡು ಫೂಟಿನ ಒಂದು ಕೋಣೆಯ ಮೇಲೆ ಎಂಟು ಟನ್. ಮಳೆ ನೆನೆದರೆ ಇನ್ನೂ ಹೆಚ್ಚು. ತುಂಬಿದ ಲಾರಿಯೊಂದರ ಕೆಳಗೆ ನಾವು ಹಾಸಿಗೆ ಹಾಸುತ್ತಿದ್ದೇವೆ. ಮೊಮ್ಮಗ ಅಂಜುವುದರಲ್ಲಿ ತಪ್ಪಿಲ್ಲ.

ನೀರಿನದು ಇನ್ನೊಂದು ಪಾಡು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳಿಗೆ ನುಗ್ಗಿದಾಗ ಮಣ್ಣಿನಲ್ಲಿ ಕಟ್ಟಿದ ಗೋಡೆಗಳ ಬುಡ ಕರಗಿತು. ಒಣಗಿದ ಮಣ್ಣು ಬಿಸಿಲಿಗೆ ವೀರ, ನೀರಿಗೆ ದೀನ. ಪಾಯ ಮತ್ತು ಮೊದಲ ಎರಡು ಮೂರು ಫೂಟು ಸಿಮೆಂಟು ಇಲ್ಲವೆ ಸುಣ್ಣದ ಗಾರೆಯಲ್ಲಿ ಏಳದಿದ್ದರೆ ಮೇಲಿನ ತಂಪಿಗೆ ಭರವಸೆಯಿಲ್ಲ.

ಗೋಡೆಗೆ ತಡ, ಮಾಡಿಗೆ ತಡೆ

ಹಾಗಾದರೆ ತಂಪು ಬೇಕೋ, ಜೀವ ಬೇಕೋ? ಒಂದನ್ನು ಬಿಟ್ಟೇ ಇನ್ನೊಂದನ್ನು ಪಡೆಯಬೇಕಾಗಿಲ್ಲ ಎಂಬುದೇ ನಾನು ಕೊಳಕೂರಿನಲ್ಲಿ ಹೇಳಿದ ಮಾತು. ತಡವೆಂದರೆ ತೂಕ. ತೂಕ ನೆಲದಿಂದ ಮೇಲೆದ್ದ ಗೋಡೆಯಲ್ಲಿ ಇರಲಿ, ತಲೆಯ ಮೇಲೆ ಬೇಡ. ತಲೆಯ ಮೇಲೆ ಬೇಕಾದ್ದು ಹಗುರಾದ ತಡೆ.

ಗೋಡೆಯ ಮಟ್ಟಿಗೆ, ಇಂಥ ಕಟ್ಟಡಗಳನ್ನು ಭೂಕಂಪಕ್ಕೆ ಗಟ್ಟಿಮಾಡುವ ಕ್ರಮಗಳನ್ನು ಭಾರತೀಯ ಮಾನಕ ಸಂಸ್ಥೆ 1993ರಲ್ಲೇ ಪ್ರಕಟಿಸಿದೆ. ಎರಡು ಮುಖಗಳನ್ನೂ ಹಿಡಿಯುವ ಅಡ್ಡಗಲ್ಲು, ಬಾಗಿಲ ಮೇಲ್ಮಟ್ಟದಲ್ಲಿ ಇಡೀ ಮನೆಯನ್ನು ಸುತ್ತುವ ಕಾಂಕ್ರೀಟ್ ಪಟ್ಟಿ, ಮೂಲೆಗಳ ಬಿಗಿತ ಅದರಲ್ಲಿ ಮುಖ್ಯ. ಹಳೆಯ ಗೋಡೆಗೂ ಇವುಗಳಲ್ಲಿ ಕೆಲವನ್ನು ಮಾಡಬಹುದು. ಆದರೆ ಯಾವ ಗೋಡೆ ಉಳಿಯಲು ಯೋಗ್ಯ ಎಂಬುದನ್ನು ಎಂಜಿನಿಯರೇ ಬಂದು ನೋಡಬೇಕು. ಮಾಳಿಗೆಯ ಮಣ್ಣನ್ನಂತೂ ಇಳಿಸಲೇಬೇಕು. ಹೊಸದಾಗಿ ಕಟ್ಟುವವರಿಗೂ ದಾರಿಗಳಿವೆ. ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ರ‍್ಯಾಟ್‌ಟ್ರ್ಯಾಪ್ ಜೋಡಣೆಯಲ್ಲಿ ಇಟ್ಟಂಗಿಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುತ್ತಾರೆ. ನಾಲ್ಕರಲ್ಲೊಂದು ಪಾಲು ಇಟ್ಟಂಗಿ ಉಳಿಯುತ್ತದೆ, ಸಿಕ್ಕಿಬಿದ್ದ ಗಾಳಿ ಶಾಖ ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡುವ ಅಗತ್ಯವಿಲ್ಲದ ಇಟ್ಟಿಗೆಗಳನ್ನು ರೂಢಿಗೆ ತಂದರು. ಇದಕ್ಕೆ ನಮ್ಮ ಎರೆಮಣ್ಣು ಹಾಗೇ ನಡೆಯದು. ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವ ಮಣ್ಣು ಅದು. ಮರಳು ಹೆಚ್ಚಿರುವ ಮಣ್ಣು ತರಬೇಕು.

ಮಾಡಿನ ಮಟ್ಟಿಗೆ ಮೊಮ್ಮಗನ ಕೈಕೆಲಸವೇ ಮದ್ದು. ಗೋಡೆಯಾಗಿ ಸೋತ ಜಿಪ್ಸಮ್ ಬೋರ್ಡು ಪತ್ರಾಸಿನ ಕೆಳಗೆ ಗೆಲ್ಲುತ್ತದೆ. ಬೇಸಿಗೆಯಲ್ಲಿ ಪತ್ರಾಸ 60 ಡಿಗ್ರಿ ದಾಟುವುದು ಸಾಮಾನ್ಯ. ಅದು ಕೆಳಗಿನವರ ತಲೆಗೆ ಬಿಸಿಯನ್ನು ನೇರವಾಗಿ ಬೀರುತ್ತದೆ. ನಡುವೆ ಒಂದು ಫೂಟು ಜಾಗ ಬಿಟ್ಟು ಹಲಗೆಯ ಮುಚ್ಚಿಗೆ ಕೂರಿಸಿ, ಹಲಗೆಯ ಮೇಲ್ಮುಖಕ್ಕೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಹಾಸಿದರೆ ಆ ಬಿಸಿಯ ಬಹುಪಾಲು ಮೇಲಕ್ಕೇ ಮರಳುತ್ತದೆ. ಎರಡು ತುದಿಗಳಲ್ಲಿ ಜಾಲರಿ ಹಾಕಿದ ಕಿಂಡಿಗಳಿದ್ದರೆ ನಡುವಿನ ಬಿಸಿಗಾಳಿ ಹೊರಗೆ ಹೋಗುತ್ತದೆ. ಮೊದಲು ಸೋರುವ ತೂತುಗಳನ್ನು ಮುಚ್ಚಬೇಕು; ಒಲೆಯ ಹೊಗೆ, ಹಬೆಗೆ ಬೇರೆಯೇ ದಾರಿ ಮಾಡಬೇಕು. ಪತ್ರಾಸಿನ ಮೇಲೆ ಬಿಳಿ ಬಣ್ಣ ಬಳಿದರೆ ಬಿಸಿಲಿನ ಹೆಚ್ಚಿನ ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸ್ಲ್ಯಾಬಿನ ಮನೆಯವರಿಗೂ ಸುಣ್ಣವೇ ಎಲ್ಲಕ್ಕಿಂತ ಅಗ್ಗದ ಮದ್ದು. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಡುಗಳಿಗಾಗಿಯೇ ಒಂದು ಸರಕಾರಿ ನೀತಿಯನ್ನು ಹೊರಡಿಸಿತು. ಪಡುವಲ ಗೋಡೆಗೆ ಒಂದು ಬೇವಿನ ಮರ, ಅದು ಬೆಳೆಯುವತನಕ ತೊಗರಿ ಕಟ್ಟಿಗೆಯ ತಡಿಕೆ ಸಾಕು. ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುವುದಕ್ಕಂತೂ ಖರ್ಚೇ ಇಲ್ಲ.

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣ ಇರಬೇಕೆಂದು ನಿಯಮವಿದೆ. ಆ ಅಳತೆಯ ಜೊತೆಗೆ ಪಡುವಲ ಗೋಡೆಯ ದಪ್ಪವನ್ನೂ ಮಾಡಿನ ಬಣ್ಣವನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ ಕಲ್ಯಾಣ ಕರ್ನಾಟಕದ ಎಷ್ಟೋ ಮಕ್ಕಳು ಬೇಸಿಗೆಯ ರಾತ್ರಿ ನಿದ್ದೆ ಮಾಡಿಯಾರು. ಕೂಲರ್ ಕೊಳ್ಳುವ ಹಣ ಎಲ್ಲರ ಕೈಯಲ್ಲಿಲ್ಲ; ಗೋಡೆ ಮಾತ್ರ ಎಲ್ಲರಿಗೂ ಬೇಕು.

ಮುತ್ಯಾ ನನ್ನ ಮಾತಿಗೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಎನ್ನಲಿಲ್ಲ. ಮಾಳಿಗೆಯ ಮಣ್ಣು ಇಳಿಸುವ ಮಾತಿಗೆ ಮಾತ್ರ, ‘ಗ್ವಾಡಿ ಇರತದಲ್ಲ?’ ಎಂದು ಎರಡು ಸಲ ಕೇಳಿದರು. ಮೊಮ್ಮಗ ಬೆಂಗಳೂರಿಗೆ ಮರಳುವ ಮೊದಲು ಅಡಿಗೆ ಮನೆಯ ಮುಚ್ಚಿಗೆಯನ್ನು ಮುಗಿಸಿಕೊಟ್ಟು ಹೋದನಂತೆ. ಹದಿನೈದು ದಿನದ ಮೇಲೆ ಫೋನಿನಲ್ಲಿ ಅವನ ತಾಯಿ ಹೇಳಿದ್ದು ಇಷ್ಟು: ‘ಈಗ ಒಲಿ ಝಳ ಒಂದೇ ಅದ ಅಣ್ಣಾರ, ನೆತ್ತಿ ಝಳ ಇಲ್ಲ.’